ಎಲೀಟ್ ಡೇಂಜರಸ್: ಸೈಡ್‌ವೈಂಡರ್‌ನಾಗ ಆಯುಧ ಹೊರಗ ತಗದ್ರ ಶೀಲ್ಡ್ ಯಾಕ ಆರತೈತಿ?

ಉಣಕಲ್ ಕೆರಿ ದಂಡಿ, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ಎಲೀಟ್ ಡೇಂಜರಸ್ ಅನ್ನೂ ಬಾಹ್ಯಾಕಾಶ ಹಡಗಿನ ಕಂಪ್ಯೂಟರ್ ಆಟದಾಗಿನ ಹೊಡೆದಾಟದ ಬಗ್ಗೆ ಕನ್ನಡದಾಗ ಬರೆದಿದ್ದು ಸಿಗವಲ್ದು, ಅದಕ್ಕ ಇಲ್ಲೇ ಕೇಳಾಕತ್ತೇನಿ. ಹಡಗು ಸೈಡ್‌ವೈಂಡರ್, ಶುರುವಿಗೆ ಸಿಗೂ ಸಣ್ಣ ಹಡಗು. ಎರಡೂ ಹಾರ್ಡ್‌ಪಾಯಿಂಟಿಗೆ (ಆಯುಧ ಕೂಡಸೂ ಜಾಗಾ) ಗಿಂಬಲ್ ಬೀಮ್ ಲೇಸರ್, ಅಂದ್ರ ಗುರಿ ಕಡೆ ತಾನ ಹೊಳ್ಳೂವಂಥಾದ್ದು. ಯುಟಿಲಿಟಿ ಜಾಗಾ ಎರಡರಾಗ ಒಂದಕ್ಕ ಕಿಲ್ ವಾರಂಟ್ ಸ್ಕ್ಯಾನರ್, ಇನ್ನೊಂದಕ್ಕ ಶೀಲ್ಡ್ ಬೂಸ್ಟರ್. ಉಳಿದಿದ್ದೆಲ್ಲಾ ಹಡಗಿನ ಜೋಡಿ ಬಂದ ಇ ದರ್ಜೆ, ಅಂದ್ರ ಎಲ್ಲಾಕಿಂತ ಕೆಳಗಿನ ದರ್ಜೆ ಸಾಮಾನು. ಕೀಬೋರ್ಡ್ ಮತ್ತ ಮೌಸ್, ಸೋಲೋ ಮೋಡ್ (ಬ್ಯಾರೆ ಆಟಗಾರ್ರು ಇಲ್ಲದ್ದು).

ತೊಂದರೆ ಮೂರು ಅದಾವ. ಯು ಕೀ ಒತ್ತಿ ಆಯುಧ ಹೊರಗ ತಗದ ಕೂಡ್ಲೇ ಶೀಲ್ಡ್ ಆರಿ ಹೋಗತೈತಿ. ಲೇಸರ್ ಎರಡ್ಮೂರು ಸೆಕೆಂಡ್ ಹೊಡೀತೈತಿ, ಆಮ್ಯಾಲ ನಿಂತ ಬಿಡತೈತಿ. ಮತ್ತ ಎದುರಾಳಿ ಯಾವಾಗ್ಲೂ ಬೆನ್ನ ಹಿಂದ ಇರ್ತಾನ, ಎಷ್ಟ ಹೊಳ್ಳಿದ್ರೂ ಮುಂದ ಬರೂದಿಲ್ಲ. ಇನ್ನು ಶುರು ಮಾಡಾವ್ರು ಎಲ್ಲಿಗೆ ಹೋಗಿ ಹೊಡೆದಾಡಬೇಕು ಅನ್ನೂದನ್ನೂ ಹೇಳ್ರಿ.

ನವಲೂರ ಪೇರಲ, ಧಾರವಾಡ

ಮೊದಲ ಎರಡೂ ತೊಂದರೆ ಕರೆಂಟಿಂದು, ಆದ್ರ ಬ್ಯಾರೆ ಬ್ಯಾರೆ ಕರೆಂಟು. ಇದನ್ನ ಬಿಡಿಸಿ ತಿಳ್ಕೊಂಡ್ರ ಅರ್ಧ ಯುದ್ಧ ಗೆದ್ದಂಗ.

ಹಡಗಿನಾಗ ಪವರ್ ಪ್ಲಾಂಟ್ ಅಂತ ಒಂದೈತಿ, ಪವರ್ ಡಿಸ್ಟ್ರಿಬ್ಯೂಟರ್ ಅಂತ ಇನ್ನೊಂದೈತಿ. ಪ್ಲಾಂಟ್ ಅಂದ್ರ ಮನಿಗೆ ಬರೂ ಲೈನು. ಎಷ್ಟು ಸಾಮಾನು ಒಮ್ಮೆಲೇ ಚಾಲೂ ಇರಬಹುದು ಅನ್ನೂದು ಅದರ ಮ್ಯಾಲ. ಡಿಸ್ಟ್ರಿಬ್ಯೂಟರ್ ಅಂದ್ರ ತುಂಬೂ, ಖಾಲಿ ಆಗೂ ಮೂರು ಟಾಕಿ: ಶೀಲ್ಡಿಗೆ ಎಸ್‌ವೈಎಸ್, ಎಂಜಿನಿಗೆ ಇಎನ್‌ಜಿ, ಆಯುಧಕ್ಕ ಡಬ್ಲ್ಯೂಇಪಿ.

ನಿಮ್ಮ ಶೀಲ್ಡ್ ಆರೂದು ಪ್ಲಾಂಟಿನ ಸಲುವಾಗಿ. ಆಯುಧ ಒಳಗಿದ್ದಾಗ ಅವು ಕರೆಂಟ್ ಎಳಿಯೂದಿಲ್ಲ, ಹೊರಗ ಬಂದ ಕೂಡ್ಲೇ ಎಳಿಯಾಕ ಶುರು ಮಾಡ್ತಾವ. ಎರಡು ಬೀಮು, ಸ್ಕ್ಯಾನರು, ಬೂಸ್ಟರು ಸೇರಿ ಇ ದರ್ಜೆ ಪ್ಲಾಂಟಿನ ತಾಕತ್ತು ದಾಟ್ಯಾವ. ದಾಟಿದಾಗ ಹಡಗು ಯಾವುದನ್ನರ ಆರಿಸಬೇಕು, ಅದು ಶೀಲ್ಡನ್ನ ಆರಿಸೇತಿ. ಬಲಗಡೆ ಪ್ಯಾನೆಲ್ ತಗೀರಿ (4ರ ಕೀ), ಮಾಡ್ಯೂಲ್ಸ್‌ಗೆ ಹೋಗ್ರಿ. ಅಲ್ಲಿ ಆಯುಧ ಒಳಗಿದ್ದಾಗ ಎಷ್ಟು, ಹೊರಗಿದ್ದಾಗ ಎಷ್ಟು ಅಂತ ಎರಡು ಲೆಕ್ಕ ಕಾಣ್ತಾವ. ಎರಡನೇದು 100 ದಾಟಿದ್ರ ಅದ ನಿಮ್ಮ ರೋಗ.

ಪ್ರತಿ ಸಾಮಾನಿಗೂ 1ರಿಂದ 5ರ ತನಕಾ ಪ್ರಾಶಸ್ತ್ಯ ಕೊಡಬಹುದು. ಕರೆಂಟ್ ಸಾಲದಾಗ 5 ಇದ್ದದ್ದು ಮೊದಲು ಆರತೈತಿ, 1 ಇದ್ದದ್ದು ಕಡೀಕ. ಶೀಲ್ಡ್, ಥ್ರಸ್ಟರ್, ಡಿಸ್ಟ್ರಿಬ್ಯೂಟರ್, ಲೈಫ್ ಸಪೋರ್ಟ್, ಸೆನ್ಸರ್, ಆಯುಧ ಇವಕ್ಕೆಲ್ಲಾ 1 ಇಡ್ರಿ. ಕಾರ್ಗೋ ಹ್ಯಾಚಿಗೆ 5. ಫ್ರೇಮ್ ಶಿಫ್ಟ್ ಡ್ರೈವಿಗೆ (ದೂರ ಜಂಪ್ ಮಾಡಸೂ ಎಂಜಿನ್ನು) 4 ಕೊಟ್ರೂ ನಡೀತೈತಿ, ಯಾಕಂದ್ರ ಆಯುಧ ಹೊರಗಿದ್ದಾಗ ಹೆಂಗೂ ಜಂಪ್ ಆಗೂದಿಲ್ಲ. ಆಯುಧ ಒಳಗ ಹಾಕಿದ ಮ್ಯಾಲ ಅದು ಮತ್ತ ಚಾಲೂ ಆಗಾಕ ಸ್ವಲ್ಪ ಹೊತ್ತು ಹಿಡೀತೈತಿ ಅನ್ನೂದು ಮಾತ್ರ ನೆನಪಿರಲಿ.

ಇನ್ನ ಲೇಸರ್ ನಿಲ್ಲೂದು ಡಿಸ್ಟ್ರಿಬ್ಯೂಟರ್ ಟಾಕಿ ಖಾಲಿ ಆಗಿ. ಬೀಮ್ ಅಂದ್ರ ನಲ್ಲಿ ಪೂರಾ ಬಿಟ್ಟಂಗ, ಸೈಡ್‌ವೈಂಡರ್‌ನ ಸಣ್ಣ ಟಾಕಿ ಎರಡು ಬೀಮಿಗೆ ತಡಿಯೂದಿಲ್ಲ. ಎರಡನ್ನೂ ಮಾರಿ ಒಂದು ಗಿಂಬಲ್ ಪಲ್ಸ್ ಲೇಸರ್, ಒಂದು ಗಿಂಬಲ್ ಮಲ್ಟಿ-ಕ್ಯಾನನ್ ಹಾಕ್ರಿ. ಲೇಸರ್ ಶಾಖದ ಆಯುಧ, ಶೀಲ್ಡ್ ಶಾಖಕ್ಕ ಮೆತ್ತಗ. ಮಲ್ಟಿ-ಕ್ಯಾನನ್ ಗುಂಡಿನ ಆಯುಧ, ಶೀಲ್ಡ್ ಗುಂಡನ್ನ ಚಲೋ ತಡೀತೈತಿ, ಆದ್ರ ಬರೀ ಲೋಹಕ್ಕ ತಡಿಯಾಕ ಆಗೂದಿಲ್ಲ. ಅದಕ್ಕ ಶೀಲ್ಡ್ ಇರೂತನಕ ಲೇಸರ್, ಶೀಲ್ಡ್ ಬಿದ್ದ ಮ್ಯಾಲ ಎರಡೂ. ಎರಡಕ್ಕೂ ಬ್ಯಾರೆ ಬ್ಯಾರೆ ಟ್ರಿಗರ್ ಇಡ್ರಿ, ಇಲ್ಲಂದ್ರ ಗುಂಡು ಶೀಲ್ಡಿನ ಮ್ಯಾಲ ವ್ಯರ್ಥ ಆಗತಾವ.

ಟಾಕಿ ತುಂಬೂ ವೇಗ ಪಿಪ್‌ಗಳ ಮ್ಯಾಲ, ಪಿಪ್ ಅಂದ್ರ ಒಂದೊಂದು ಟಾಕಿಗೆ ಕೊಡೂ ಕರೆಂಟಿನ ಪಾಲು. ಒಂದ ಬೋರ್‌ವೆಲ್ಲು, ಮೂರು ಮಡಿ, ಒಟ್ಟು ಆರು ಪಾಲು ನೀರು, ಒಂದು ಮಡಿಗೆ ನಾಕಕ್ಕಿಂತ ಹೆಚ್ಚು ಹೋಗೂದಿಲ್ಲ. ಬಾಣದ ಕೀಗಳಿಂದ ಹಂಚೂದು: ಎಡಕ್ಕ ಶೀಲ್ಡು, ಮ್ಯಾಲ ಎಂಜಿನ್ನು, ಬಲಕ್ಕ ಆಯುಧ, ಕೆಳಗ ಒತ್ತಿದ್ರ ಮೂರಕ್ಕೂ ಸಮ. ಹೊಸಬ್ರು ಸಮ ಹಂಚಿ ಇಟ್ಟ ಹೊಡೆದಾಡ್ತಾರ, ಸೋಲೂದು ಅಲ್ಲೇ. ನೀವು ಹೊಡಿಯೂ ಮುಂದ ಆಯುಧಕ್ಕ ನಾಕು. ಅವನ ಗುಂಡು ನಿಮಗ ಬಡಿಯಾಕತ್ತ ಕೂಡ್ಲೇ ಶೀಲ್ಡಿಗೆ ನಾಕು. ಎಸ್‌ವೈಎಸ್ ಪಿಪ್ ಶೀಲ್ಡನ್ನ ತುಂಬೂದಷ್ಟ ಅಲ್ಲ, ಆ ಕ್ಷಣಕ್ಕ ಗಟ್ಟಿನೂ ಮಾಡತೈತಿ. ನಾಕು ಇದ್ರ ಬರೂ ಪೆಟ್ಟಿನಾಗ ಅರ್ಧಕ್ಕಿಂತ ಹೆಚ್ಚು ಕಡಿಮಿ ಆಗತೈತಿ. ಬೆನ್ನ ಹತ್ತಾಕ, ಹೊಳ್ಳಾಕ ಎಂಜಿನಿಗೆ ಕೊಡ್ರಿ. ಒಂದ ಹೊಡೆದಾಟದಾಗ ಇದನ್ನ ಹತ್ತಿಪ್ಪತ್ತು ಸಲ ಬದಲಿ ಮಾಡೂದು ಸಾಮಾನ್ಯ. ಬೆರಳಿಗೆ ರೂಢಿ ಆಗೂತನಕ ಮೇನ್ ಮೆನುವಿನ ಟ್ರೇನಿಂಗ್‌ನಾಗ ಆಡ್ರಿ, ಅಲ್ಲಿ ಹಡಗು ಹೋದ್ರ ರೊಕ್ಕ ಹೋಗೂದಿಲ್ಲ.

ಗಾಳಿಗಿರಣಿ, ಗದಗ

ಎಲ್ಲಿ ಹೊಡೆದಾಡಬೇಕು ಅಂದ್ರ: ಉಂಗುರ ಇರೋ ಗ್ರಹಗಳ ಹತ್ರ ರಿಸೋರ್ಸ್ ಎಕ್ಸ್‌ಟ್ರಾಕ್ಷನ್ ಸೈಟ್ (ಗಣಿಗಾರಿಕೆ ನಡೆಯೋ ಜಾಗ) ಇರ್ತಾವೆ, ಎಡಗಡೆ ನ್ಯಾವಿಗೇಷನ್ ಪಟ್ಟಿಯಲ್ಲೇ ಕಾಣ್ತಾವೆ. ಲೋ, ಸಾಧಾರಣ, ಹೈ, ಹಜಾರ್ಡಸ್ ಅಂತ ನಾಲ್ಕು ತರಹ. ಮೊದಲ ಮೂರರಲ್ಲಿ ಪೊಲೀಸ್ ಹಡಗು ಗಸ್ತು ತಿರುಗ್ತಾವೆ, ಹಜಾರ್ಡಸ್‌ನಲ್ಲಿ ಯಾರೂ ಇಲ್ಲ. ಸೈಡ್‌ವೈಂಡರ್‌ಗೆ ಲೋ ಅಥವಾ ಸಾಧಾರಣ ಸಾಕು.

ಹೋಗುವ ಮುಂಚೆ ಸರಕು ಪೂರ್ತಿ ಖಾಲಿ ಮಾಡಿ, ಒಂದು ಟನ್ನೂ ಬೇಡ. ಅಲ್ಲಿನ ದರೋಡೆಕೋರರು ಬಂದು ನಿಮ್ಮನ್ನ ಸ್ಕ್ಯಾನ್ ಮಾಡ್ತಾರೆ. ಸರಕು ಇಲ್ಲ ಅಂದ್ರೆ ಬಿಟ್ಟು ಹೋಗ್ತಾರೆ, ಇದ್ರೆ ಬೆನ್ನು ಬಿಡಲ್ಲ. ಸರಕಿಲ್ಲದೆ ಹೋದ್ರೆ ಯಾರ ಜೊತೆ, ಯಾವಾಗ ಹೊಡೆದಾಡಬೇಕು ಅನ್ನೋದು ನಿಮ್ಮ ಕೈಯಲ್ಲೇ ಇರುತ್ತೆ.

ಈಗ ಮುಖ್ಯವಾದದ್ದು. ಯಾರ ಮೇಲಾದರೂ ಒಂದು ಗುಂಡು ಹಾರಿಸುವ ಮೊದಲು ಅವನನ್ನ ಟಾರ್ಗೆಟ್ ಮಾಡಿ (ಎದುರಿಗಿದ್ದವನಿಗೆ ಟಿ ಕೀ), ಮೂತಿ ಅವನ ಕಡೆ ಹಿಡಿದು ಸ್ಕ್ಯಾನ್ ಮುಗಿಯೋವರೆಗೆ ಕಾಯಿರಿ. ಕೆಲವೇ ಸೆಕೆಂಡಿನ ಕೆಲಸ. ಎಡಗಡೆ ಕೆಳಗೆ ‘ವಾಂಟೆಡ್’ ಅಂತ ಬಂದ್ರೆ ಮಾತ್ರ ಹೊಡೀರಿ. ‘ಕ್ಲೀನ್’ ಅಂತಿದ್ದವನನ್ನ ಹೊಡೆದ್ರೆ ನೀವೇ ವಾಂಟೆಡ್ ಆಗ್ತೀರಿ, ಪೊಲೀಸರು ನಿಮ್ಮ ಮೇಲೇ ತಿರುಗಿ ಬೀಳ್ತಾರೆ. ಇನ್ನೊಂದು ವಿಷಯ ಭಾಳ ಮಂದಿಗೆ ಗೊತ್ತಿರಲ್ಲ: ಸ್ಕ್ಯಾನ್ ಮುಗಿಯದೇ ಅವನು ಸತ್ರೆ ನಿಮಗೆ ಬೌಂಟಿ, ಅಂದ್ರೆ ಅವನ ತಲೆ ಮೇಲಿನ ಬಹುಮಾನ, ಸಿಗಲ್ಲ. ಕಿಲ್ ವಾರಂಟ್ ಸ್ಕ್ಯಾನರ್ ಬೇರೆ ಆಡಳಿತಗಳು ಅವನ ತಲೆ ಮೇಲೆ ಇಟ್ಟ ಬೌಂಟಿಯನ್ನೂ ಸೇರಿಸುತ್ತೆ. ಅದು ಒಳ್ಳೇದೇ, ಆದ್ರೆ ಕರೆಂಟ್ ಸಾಲದಿದ್ರೆ ಸದ್ಯಕ್ಕೆ ಅದನ್ನೇ ಮೊದಲು ತೆಗೀರಿ. ಮೊದಲ ಸ್ಕ್ಯಾನ್ ಹಡಗಿನ ಜೊತೆಗೇ ಇದೆ, ಅಷ್ಟರಿಂದಲೇ ಗಳಿಕೆ ಶುರು ಆಗುತ್ತೆ.

ಪೊಲೀಸರು ಆಗಲೇ ಹೊಡೀತಿರುವ ದೊಡ್ಡ ಹಡಗನ್ನ ಹುಡುಕಿ. ಸ್ಕ್ಯಾನ್ ಮಾಡಿ, ಅದರ ಶೀಲ್ಡ್ ಬಿದ್ದ ಮೇಲೆ ಹಿಂದಿನಿಂದ ಹೋಗಿ ಹೊಡೀರಿ. ನಿಮ್ಮ ಗುಂಡು ತಾಗಿದ್ರೆ ಬೌಂಟಿ ನಿಮಗೂ ಬರುತ್ತೆ. ಹೊಡೆಯುವಾಗ ಪೊಲೀಸ್ ಹಡಗು ನಡುವೆ ಬಂದ್ರೆ ಟ್ರಿಗರ್ ಬಿಟ್ಟುಬಿಡಿ. ಒಬ್ಬೊಬ್ಬರೇ ಎದುರಿಸಬೇಕು ಅಂದ್ರೆ ಈಗಲ್, ಸೈಡ್‌ವೈಂಡರ್, ಅಡ್ಡರ್ ಆಯ್ದುಕೊಳ್ಳಿ, ಪಕ್ಕದಲ್ಲಿ ಕಾಣೋ ದರ್ಜೆ ನೋವಿಸ್ ಅಥವಾ ಕಾಂಪಿಟೆಂಟ್ ಇರಲಿ. ಡೆಡ್ಲಿ, ಎಲೀಟ್ ಅಂತಿದ್ರೆ ದೂರ ಇರಿ.

ಅನಕೊಂಡಾ, ಪೈಥಾನ್ ಮೇಲೆ ಒಬ್ಬರೇ ಹೋಗಬೇಡಿ. ಅಂಜಿಕೆಯ ಮಾತಲ್ಲ, ಲೆಕ್ಕದ ಮಾತು: ಸಣ್ಣ ಆಯುಧದ ಚುಚ್ಚುವ ಶಕ್ತಿ 20ರ ಆಸುಪಾಸು, ಅನಕೊಂಡಾದ ಹೊರಕವಚದ ಗಡಸುತನ 65. ಹಾಗಾಗಿ ನೀವು ಹೊಡೆದ ಪೆಟ್ಟಿನಲ್ಲಿ ಮೂರನೇ ಒಂದು ಭಾಗ ಮಾತ್ರ ಕವಚಕ್ಕೆ ತಾಗುತ್ತೆ.

ಎರಡು-ಮೂರು ಬೇಟೆ ಆದ ಕೂಡಲೇ ಸ್ಟೇಷನ್‌ಗೆ ಬಂದು ಬೌಂಟಿಯ ವೋಚರ್ ನಗದು ಮಾಡಿಕೊಳ್ಳಿ. ಹಡಗು ಒಡೆದ್ರೆ ಕೈಯಲ್ಲಿರೋ ವೋಚರ್ ಎಲ್ಲಾ ಹೋಗ್ತಾವೆ.

ಬ್ಯಾಡಗಿ ಕೆಂಪು, ಹಾವೇರಿ

ಪೇರಲ ಅವರ ಮಾತಿಗೆ ಒಂದ ತಿದ್ದುಪಡಿ. ಮೊದಲ ವಾರಕ್ಕ ಎರಡೂ ಪಲ್ಸ್ ಲೇಸರ್ ಇಟ್ಟರ ಚಲೋ ಅಂತ ನನ್ನ ಅಭಿಪ್ರಾಯ. ಗುಂಡು ತೀರೂ ಚಿಂತಿ ಇಲ್ಲ, ಗುರಿ ಮುಂದ ಇಟ್ಟು ಹೊಡಿಯೂ ಲೆಕ್ಕ ಇಲ್ಲ, ಪಿಪ್ ಕಡೆ ಗಮನ ಕೊಡಾಕ ಮನಸು ಖಾಲಿ ಇರತೈತಿ. ಪಿಪ್ ಕೈಗೆ ಹತ್ತಿದ ಮ್ಯಾಲ ಒಂದನ್ನ ಮಲ್ಟಿ-ಕ್ಯಾನನ್ ಮಾಡ್ರಿ.

ಈಗ ಬೆನ್ನ ಹಿಂದ ಬೀಳೂದರ ಬಗ್ಗೆ. ಇದು ವೇಗದ ತಪ್ಪು. ವೇಗದ ಪಟ್ಟಿ ನಡುವ ನೀಲಿ ಭಾಗ ಐತಲ್ಲ, ಹಡಗು ಅಲ್ಲಿದ್ದಾಗ ಅತೀ ಲಗೂ ಹೊಳ್ಳತೈತಿ. ಪೂರಾ ವೇಗದಾಗ ಹೊಳ್ಳಿದ್ರ ದೊಡ್ಡ ಸುತ್ತು ಹಾಕತೀರಿ, ಅವ ಸಣ್ಣ ಸುತ್ತಿನಾಗ ಒಳಗ ಬಂದು ಬೆನ್ನಿಗೆ ಕುಂದರ್ತಾನ. ಗುದ್ದಾಡೂ ಮುಂದ ವೇಗ ಅರ್ಧಕ್ಕ ಇಳಸ್ರಿ.

ಎರಡನೇ ತಪ್ಪು, ಮೂತಿಯನ್ನ ಎಡಕ್ಕ ಬಲಕ್ಕ ತಿರುವಿ ಹುಡುಕೂದು. ಈ ಆಟದಾಗ ಅಡ್ಡ ತಿರುಗೂದು ಭಾಳ ನಿಧಾನ. ಮೂತಿ ಮ್ಯಾಲ ಎತ್ತೂದು ಲಗೂನ ಆಗತೈತಿ, ಉರುಳೂದು ಇನ್ನೂ ಲಗೂನ. ಎದುರಾಳಿ ಬಲಕ್ಕ ಇದ್ದಾನಂದ್ರ ಮೊದಲು ಹಡಗನ್ನ ಉರುಳಿಸಿ ಅವ ನೆತ್ತಿ ಮ್ಯಾಲ ಬರೂಹಂಗ ಮಾಡ್ರಿ, ಆಮ್ಯಾಲ ಮೂತಿ ಎತ್ತರಿ. ರಡಾರ್ ನೋಡಕೋತ ಇದನ್ನ ಮಾಡಬೇಕು: ಚುಕ್ಕಿಯ ಕಡ್ಡಿ ಮ್ಯಾಲ ಇದ್ರ ಅವ ನಿಮ್ಮ ಮಟ್ಟಕ್ಕಿಂತ ಮ್ಯಾಲ, ಕೆಳಗಿದ್ರ ಕೆಳಗ. ಹೊಳ್ಳಾಕತ್ತಾಗ ಎಂಜಿನಿಗೆ ಪಿಪ್, ಅವ ಎದುರಿಗೆ ಬಂದ ಕೂಡ್ಲೇ ಆಯುಧಕ್ಕ. ಇದ ಒಂದು ತಾಳ ಆಗಬೇಕು.

ದೂರದಿಂದ ಹೊಡೀಬ್ಯಾಡ್ರಿ. ಪಲ್ಸ್ ಲೇಸರ್ ಕಿರಣ 3 ಕಿಲೋಮೀಟರ್ ಮುಟ್ಟತೈತಿ, ಆದ್ರ 500 ಮೀಟರ್ ದಾಟಿದ ಮ್ಯಾಲ ಪೆಟ್ಟು ಇಳೀತಾ ಹೋಗತೈತಿ. ಎರಡು ಕಿಲೋಮೀಟರಿನಿಂದ ಒತ್ತಿ ಹಿಡದ್ರ ಟಾಕಿ ನಿಮ್ಮದು ಖಾಲಿ, ಅವನ ಶೀಲ್ಡ್ ಹಂಗ. ಗರಡ್ಯಾಗ ಕೈಗೆ ಕೈ ಸಿಗೂ ಅಂತರದಾಗ ನಿಂತಂಗ ನಿಲ್ಲಬೇಕು, 400–500 ಮೀಟರು. ಅವ ನೇರ ಎದುರಿಗೆ ನುಗ್ಗಿ ಬಂದ್ರ ಡಿಕ್ಕಿಗೆ ನಿಲ್ಲಬ್ಯಾಡ್ರಿ, ಶೀಲ್ಡಿಗೆ ನಾಕು ಪಿಪ್ ಕೊಟ್ಟು ಪಕ್ಕಕ್ಕ ಸರಿದು ಅವ ದಾಟಿದ ಮ್ಯಾಲ ಹೊಳ್ಳರಿ. ಹಗುರ ಹಡಗಿಗೆ ಡಿಕ್ಕಿ ಅಂದ್ರ ನಷ್ಟ.

ಎದುರಾಳಿ ಚಾಫ್ (ಗುರಿ ತಪ್ಪಸೂ ಚೂರು) ಹಾರಿಸಿದ್ರ ಗಿಂಬಲ್ ಆಯುಧ ದಿಕ್ಕು ತಪ್ಪಿ ಅತ್ತಿತ್ತ ಹೊಡೀತಾವ. ಆಗ ಟಾರ್ಗೆಟ್ ಬಿಟ್ಟ ಬಿಡ್ರಿ, ಗಿಂಬಲ್ ನೆಟ್ಟಗ ನಿಂತು ಫಿಕ್ಸೆಡ್ ಆಯುಧದಂಗ ಮುಂದಕ್ಕ ಹೊಡೀತೈತಿ. ಚಾಫ್ 20 ಸೆಕೆಂಡ್ ಇರತೈತಿ, ಅದು ತೀರಿದ ಮ್ಯಾಲ ಮತ್ತ ಟಾರ್ಗೆಟ್ ಹಿಡೀರಿ. ಝಡ್ ಕೀ ಒತ್ತಿ ಫ್ಲೈಟ್ ಅಸಿಸ್ಟ್ (ಹಡಗನ್ನ ತಾನ ಹತೋಟಿಗೆ ಇಡೂ ಸೌಲಭ್ಯ) ಆರಿಸೂ ವಿಡಿಯೋ ನೋಡಿ ಅದನ್ನ ಈಗಲೇ ಹಿಡೀಬ್ಯಾಡ್ರಿ. ಅದು ಚಲೋ ವಿದ್ಯೆನೇ, ಆದ್ರ ನೀಲಿ ಭಾಗದಾಗ ಹಡಗು ನಿಲ್ಲಸಾಕ ಬಂದ ಮ್ಯಾಲಿನದು.

ಉಣಕಲ್ ಕೆರಿ ದಂಡಿ, ಹುಬ್ಬಳ್ಳಿ

ಮೂರೂ ಮಂದಿಗೆ ಭಾಳ ಉಪಕಾರ ಆತ್ರಿ. ಬೀಮ್ ತಗದು ಎರಡು ಪಲ್ಸ್ ಹಾಕಿದ್ಮ್ಯಾಲ ಆಯುಧ ಹೊರಗಿದ್ದಾಗಿನ ಲೆಕ್ಕ 100ರ ಒಳಗ ಬಂತು, ಶೀಲ್ಡ್ ಈಗ ಆರವಲ್ದು. ಇನ್ನೆರಡು ಪ್ರಶ್ನೆ. ಸೂಪರ್‌ಕ್ರೂಸ್‌ನಾಗ (ಗ್ರಹಗಳ ನಡುವಿನ ಅತೀ ವೇಗದ ಪ್ರಯಾಣ) ಯಾರರ ಎಳದು ಹಿಡಿದ್ರ, ಅಂದ್ರ ಇಂಟರ್‌ಡಿಕ್ಷನ್ ಆದ್ರ ಏನ್ ಮಾಡೂದು? ಮತ್ತ ಹೊಡೆದಾಟದ ನಡುವ ಮನ್ಯಾಗ ಕರೆಂಟ್ ಹೋದ್ರ ಹಡಗು ಹೋಗತೈತೇನು?

ಗಾಳಿಗಿರಣಿ, ಗದಗ

ಕರೆಂಟಿನದು ಮೊದಲು: ಸೋಲೋದಲ್ಲಿ ಸಂಪರ್ಕ ಕಡಿದ್ರೆ ಹಡಗು ಒಡೆಯಲ್ಲ, ಮತ್ತೆ ಒಳಗೆ ಬಂದಾಗ ಅದೇ ಜಾಗದ ಹತ್ರ ಇರ್ತೀರಿ. ಆದ್ರೆ ಓಪನ್ ಮೋಡ್‌ನಲ್ಲಿ ಬೇರೆ ಆಟಗಾರನ ಎದುರು ಬೇಕಂತಲೇ ಪ್ಲಗ್ ಕೀಳೋದು ನಿಯಮಕ್ಕೆ ವಿರುದ್ಧ. ಅಪಾಯದಲ್ಲಿದ್ದಾಗ ಮೆನುವಿನಿಂದ ಹೊರಗೆ ಹೋಗಬೇಕಂದ್ರೆ 15 ಸೆಕೆಂಡ್ ಕಾಯಬೇಕು, ಅದು ಸರಿಯಾದ ದಾರಿ. ರೌಟರನ್ನೂ ಯುಪಿಎಸ್‌ಗೆ ಜೋಡಿಸಿ. ಕಂಪ್ಯೂಟರ್ ಉಳಿದು ರೌಟರ್ ಆರಿದ್ರೂ ಆಟ ಕಡಿದುಹೋಗುತ್ತೆ, ಸೋಲೋಗೂ ಇಂಟರ್ನೆಟ್ ಬೇಕೇ ಬೇಕು.

ಇಂಟರ್‌ಡಿಕ್ಷನ್‌ನಲ್ಲಿ ನೀಲಿ ಗುರಿಯ ಹಿಂದೆ ಮೂತಿ ಹಿಡಿದು ಓಡಿದ್ರೆ ತಪ್ಪಿಸಿಕೊಳ್ಳಬಹುದು. ಆದ್ರೆ ಸೋತ್ರೆ ಹಡಗು ಗಿರಗಿರ ತಿರುಗುತ್ತಾ ಬೀಳುತ್ತೆ, ಪೆಟ್ಟಾಗುತ್ತೆ, ಡ್ರೈವ್ ತಣ್ಣಗಾಗೋಕೆ ಭಾಳ ಹೊತ್ತು ಹಿಡಿಯುತ್ತೆ. ನಂಬಿಕೆ ಇಲ್ಲದಿದ್ರೆ ಎಕ್ಸ್ ಕೀ ಒತ್ತಿ ವೇಗ ಸೊನ್ನೆ ಮಾಡಿ ಶರಣಾಗಿ. ಪೆಟ್ಟಿಲ್ಲ, ಡ್ರೈವ್ ಬೇಗ ಸಿದ್ಧ ಆಗುತ್ತೆ. ಹೊರಗೆ ಬಂದ ತಕ್ಷಣ ಎಂಜಿನ್‌ಗೆ ನಾಲ್ಕು, ಶೀಲ್ಡ್‌ಗೆ ಎರಡು ಪಿಪ್, ಟ್ಯಾಬ್ ಒತ್ತಿ ಬೂಸ್ಟ್. ಅವನಿಂದ ದೂರ ತಿರುಗಬೇಡಿ, ಅವನನ್ನೇ ದಾಟಿ ಹಿಂದಕ್ಕೆ ಹೋಗಿ. ಅವನು ತಿರುಗುವಷ್ಟರಲ್ಲಿ ನಿಮಗೆ ಅಂತರ ಸಿಕ್ಕಿರುತ್ತೆ.

ಅದೇ ವ್ಯವಸ್ಥೆಯ ಸೂಪರ್‌ಕ್ರೂಸ್‌ಗೆ ಹೋಗೋಕೆ ನೋಡಬೇಡಿ. ಹತ್ತಿರ ದೊಡ್ಡ ಹಡಗು ಇದ್ರೆ ಮಾಸ್ ಲಾಕ್ ಆಗಿ ಡ್ರೈವ್ ಚಾರ್ಜ್ ಆಗೋದು ಭಾಳ ತಡ, ಸೈಡ್‌ವೈಂಡರ್‌ಗಿಂತ ಬಹುತೇಕ ಎಲ್ಲವೂ ದೊಡ್ಡವೇ. ಪಕ್ಕದ ನಕ್ಷತ್ರ ವ್ಯವಸ್ಥೆಗೆ ಜಂಪ್ ಮಾಡಿದ್ರೆ ಮಾಸ್ ಲಾಕ್ ಅಡ್ಡಿ ಇಲ್ಲ. ಅದಕ್ಕೇ ಪ್ರಯಾಣ ಶುರು ಮಾಡುವಾಗಲೇ ಪಕ್ಕದ ಒಂದು ವ್ಯವಸ್ಥೆಯನ್ನ ಗುರಿಯಾಗಿ ಆರಿಸಿಟ್ಟಿರಿ. ಆಯುಧ, ಲ್ಯಾಂಡಿಂಗ್ ಗೇರ್, ಕಾರ್ಗೋ ಸ್ಕೂಪ್ ಮೂರೂ ಒಳಗಿರಬೇಕು, ಒಂದು ಹೊರಗಿದ್ರೂ ಚಾರ್ಜ್ ಶುರು ಆಗಲ್ಲ. ಗಾಬರಿಯಲ್ಲಿ ಮರೆಯೋದು ಇದನ್ನೇ.

ನವಲೂರ ಪೇರಲ, ಧಾರವಾಡ

ರೊಕ್ಕ ಕೂಡಿದ್ಮ್ಯಾಲ ಹಡಗು ಯಾವುದು ಅಂತ ಹೆಂಗೂ ಕೇಳ್ತೀರಿ, ಈಗಲೇ ಬರದ ಇಡ್ತೇನಿ. ಈಗಲ್ ಸುಮಾರು 45 ಸಾವಿರ ಕ್ರೆಡಿಟ್, ಮೂರು ಸಣ್ಣ ಆಯುಧ, ಹೊಳ್ಳೂದ್ರಾಗ ಭಾಳ ಚುರುಕು, ಶೀಲ್ಡ್ ತೆಳ್ಳಗ. ವೈಪರ್ ಎಂಕೆ ತ್ರೀ ಸುಮಾರು 1 ಲಕ್ಷ 43 ಸಾವಿರ, ಎರಡು ಸಣ್ಣ, ಎರಡು ನಡುವಿನ ಗಾತ್ರದ ಆಯುಧ, ವೇಗನೂ ಐತಿ. ಬರೇ ಹೊಡೆದಾಟಕ್ಕಂದ್ರ ಈಗಲ್ ಬಿಟ್ಟು ನೇರ ವೈಪರಿಗೆ ಹೋಗ್ರಿ ಅಂತೇನಿ, ನಡುವಿನ ಗಾತ್ರದ ಆಯುಧ ಬಂದ ಮ್ಯಾಲ ಗಟ್ಟಿ ಕವಚದ ಹಡಗಿಗೂ ಪೆಟ್ಟು ತಾಗಾಕ ಶುರು ಆಗತೈತಿ.

ಆದ್ರ ಮೇಲೆ ಹೇಳಿದ ಬೆಲಿ ಬರೇ ಹಡಗಿಂದು. ಅದರ ಜೋಡಿ ಬರೂದು ಮತ್ತ ಇ ದರ್ಜೆ ಸಾಮಾನ. ಮೊದಲು ಡಿಸ್ಟ್ರಿಬ್ಯೂಟರ್ ಬದಲಿ ಮಾಡ್ರಿ, ಆಮ್ಯಾಲ ಪ್ಲಾಂಟು, ಥ್ರಸ್ಟರು, ಶೀಲ್ಡು. ಲೈಫ್ ಸಪೋರ್ಟಿಗೆ, ಸೆನ್ಸರಿಗೆ ಡಿ ದರ್ಜೆ ಸಾಕು, ಹಗುರ ಇರ್ತಾವ. ಇಷ್ಟಕ್ಕ ಹಡಗಿನ ಬೆಲಿಗಿಂತ ಹೆಚ್ಚ ಹಿಡೀಬಹುದು. ಒಡದ್ರ ಮರಳಿ ಪಡಿಯಾಕ ಹಡಗು, ಸಾಮಾನು ಎಲ್ಲಾ ಸೇರಿದ ಬೆಲಿಯ 5% ಕಟ್ಟಬೇಕು. ಅಷ್ಟು ರೊಕ್ಕ ಖಾತ್ಯಾಗ ಇಲ್ಲಂದ್ರ ವೈಪರ್ ಹೋಗಿ ಬಿಟ್ಟಿ ಸೈಡ್‌ವೈಂಡರಿಗೆ ಹೊಳ್ಳಿ ಬರಬೇಕಾಗಬಹುದು. ಕನಿಷ್ಠ ಎರಡು ಸಲ ಕಟ್ಟೂವಷ್ಟು ಬಾಕಿ ಇಟ್ಟು ಉಳಿದ ರೊಕ್ಕ ಖರ್ಚ್ ಮಾಡ್ರಿ.

ಬ್ಯಾಡಗಿ ಕೆಂಪು, ಹಾವೇರಿ

ವೈಪರ್ ತಗೊಂಡ ದಿನ ಪ್ರಾಶಸ್ತ್ಯದ ಪಟ್ಟಿ ಮತ್ತ ಹೊಸದಾಗಿ ಹಾಕ್ರಿ, ಸೈಡ್‌ವೈಂಡರಿಂದು ಅದಕ್ಕ ಬರೂದಿಲ್ಲ. ಸ್ಟೇಷನ್ ಬಿಡೂಕಿಂತ ಮೊದಲು ಮಾಡ್ಯೂಲ್ಸ್ ಪ್ಯಾನೆಲ್‌ನಾಗ ಆಯುಧ ಹೊರಗಿದ್ದಾಗಿನ ಲೆಕ್ಕ ಒಮ್ಮೆ ನೋಡ್ಕೊಂಡ ಹೊರಡ್ರಿ.