ಸಹಾಯ ಬೇಕು: ಅಮ್ಮನ ಜೊತೆ ಐಸ್‌ಲ್ಯಾಂಡಿನ ಹಿಮನದಿ ಸರೋವರಕ್ಕೆ

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು. ಜೂನ್‌ನಲ್ಲಿ ಅಮ್ಮನ್ನ ಕರ್ಕೊಂಡು ಯೊಕುಲ್ಸಾರ್ಲೋನ್ ಅನ್ನೋ ಆ ಸರೋವರಕ್ಕೆ ಹೊರಟಿದೀವಿ. ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 370 ಕಿ.ಮೀ. ಒಂದೇ ದಿನಕ್ಕೆ ಹೋಗಿ ಬರೋದು ಹುಚ್ಚುತನ, ಒಂದು ರಾತ್ರಿ ಅಲ್ಲೇ ಹತ್ತಿರ ಉಳ್ಕೊಳ್ತೀವಿ.

ಹೋಗಿ ಬಂದವರು ಹೇಳಿ, ಅಮ್ಮನಿಗೆ ಮಂಡಿನೋವು. ಸರೋವರ ಸುತ್ತಿಸೋಕೆ ಇರೋ, ನೆಲದ ಮೇಲೂ ಓಡೋ ಚಕ್ರದ ದೋಣಿಗೆ ಹತ್ತೋ ಮೆಟ್ಟಿಲು ತುಂಬಾ ಕಡಿದಾ? ರಬ್ಬರ್ ದೋಣಿ ಹಿಮನದಿಯ ಹತ್ತಿರ ಹೋಗತ್ತಂತೆ, ಆದ್ರೆ ಅದು ಅಮ್ಮನ ಕೈಲಾಗಲ್ಲ ಬಿಡಿ.

ಅಮ್ಮನಿಗೆ ಸೀಲ್ ಅನ್ನೋ ಕಡಲಪ್ರಾಣಿ ನೋಡೋದೇ ಆಸೆ. ಚಳಿಗಾಲದಲ್ಲೇ ಜಾಸ್ತಿ ಅಂತಾರೆ. ಜೂನ್‌ನಲ್ಲಿ ಸಮುದ್ರದ ನೀರು ಸರೋವರದೊಳಗೆ ಬರೋ ಕಡೆ ಇರೋ ಸೇತುವೆ ಹತ್ತಿರ ಕಾದ್ರೆ ಸಿಗ್ತವಾ?

ಇನ್ನೊಂದು, ಆರ್ಕ್ಟಿಕ್ ಟರ್ನ್ ಹಕ್ಕಿ. ಆಗ ಮೊಟ್ಟೆ ಇಡೋ ಕಾಲ, ಗೂಡಿನ ಹತ್ತಿರ ಹೋದ್ರೆ ತಲೆಗೇ ಕುಕ್ಕತ್ತೆ. ನಮ್ಮ ಮಂಡಗದ್ದೆ ಬೆಳ್ಳಕ್ಕಿಗಳಷ್ಟು ಪಾಪದವಲ್ಲ! ಅಮ್ಮ ಆಗಲೇ ತೋಟಕ್ಕೆ ಹಾಕ್ಕೊಳ್ಳೋ ಅಡಿಕೆ ಹಾಳೆಟೋಪಿ ಒರೆಸಿ ಬ್ಯಾಗಿನ ಮೇಲಿಟ್ಟಿದಾರೆ. ಆ ಗಾಳಿಗೆ ಅದು ನಿಲ್ಲತ್ತಾ, ಇಲ್ಲ ಕಿವಿ ಮುಚ್ಚೋ ಉಲ್ಲನ್ ಟೋಪಿನೇ ಬೇಕಾ?