ಮಳೆಗಾಲದ ಘಾಟಿ ಪ್ರಯಾಣ: ಬೈಕಿನ ಮೇಲೆ ಇಬ್ಬರ ಸಾಮಾನನ್ನು ಭದ್ರವಾಗಿ ಕಟ್ಟುವುದು ಹೇಗೆ?

ಬೆಣ್ಣೆನಗರಿ ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರುವ ಜುಲೈ ತಿಂಗಳಲ್ಲಿ ನಾನು ಮತ್ತು ನನ್ನ ಪತ್ನಿ ನಮ್ಮ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನಲ್ಲಿ ದಾವಣಗೆರೆಯಿಂದ ಹೊರಟು, ಶಿವಮೊಗ್ಗ, ತೀರ್ಥಹಳ್ಳಿಯ ಮೇಲೆ ಆಗುಂಬೆ ಘಾಟಿ ಇಳಿದು, ಉಡುಪಿಯಿಂದ ಕರಾವಳಿಯ ಹೆದ್ದಾರಿ ಹಿಡಿದು ಗೋಕರ್ಣ ತಲುಪಿ, ಮರಳುವಾಗ ಅಂಕೋಲಾದಿಂದ ಅರಬೈಲು ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿಯ ಮೂಲಕ ಊರು ಸೇರಬೇಕೆಂದಿದ್ದೇವೆ. ಇಬ್ಬರ ಬಟ್ಟೆ, ಮಳೆಯಂಗಿ, ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಪಂಕ್ಚರ್ ಸಾಮಗ್ರಿ, ಸ್ಪ್ಯಾನರುಗಳು, ನೀರು ಎಲ್ಲವೂ ಸೇರಿ ಇಪ್ಪತ್ತು ಕಿಲೋದಷ್ಟು ಸಾಮಾನು ಆಗುತ್ತದೆ.

ಅಂಗಡಿಯಲ್ಲಿ ಕೊಕ್ಕೆಯಿರುವ, ಎಳೆದರೆ ಹಿಗ್ಗುವ ಬಂಗೀ ಹಗ್ಗಗಳಷ್ಟೇ ಸಾಕು ಎನ್ನುತ್ತಾರೆ. ಸ್ನೇಹಿತರೊಬ್ಬರು ಹಿಂದೆ ದೊಡ್ಡ ಬಾಕ್ಸ್ ಹಾಕಿಸಿ ಎಲ್ಲವನ್ನೂ ಅದರಲ್ಲೇ ತುಂಬಿ ಎನ್ನುತ್ತಾರೆ. ಸುರಿಯುವ ಮಳೆಯಲ್ಲಿ, ತಿರುವುಗಳಲ್ಲಿ ಸಾಮಾನು ಅಲುಗದಂತೆ, ನೆನೆಯದಂತೆ, ಹಿಂದೆ ಕೂತವರಿಗೂ ತೊಂದರೆಯಾಗದಂತೆ ಕಟ್ಟುವ ಸರಿಯಾದ ಕ್ರಮ ಯಾವುದು? ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಘಟ್ಟದ ದಾರಿ

ಮೊದಲು ತೂಕದ ಲೆಕ್ಕ ಮಾಡಿಕೊಳ್ಳಿ, ಹಗ್ಗದ ವಿಚಾರ ಆಮೇಲೆ. ನಿಮ್ಮ ಗಾಡಿಯೊಂದಿಗೆ ಬಂದ ಕೈಪಿಡಿಯಲ್ಲಿ, ಗಾಡಿ ಗರಿಷ್ಠ ಎಷ್ಟು ಒಟ್ಟು ತೂಕ ತಾಳುತ್ತದೆ ಎಂದು ಬರೆದಿರುತ್ತದೆ. ಆ ಅಂಕಿಯಿಂದ ಗಾಡಿಯ ಸ್ವಂತ ತೂಕವನ್ನು (ಈಗಿನ ಕ್ಲಾಸಿಕ್ 350ಕ್ಕೆ ಪೆಟ್ರೋಲ್ ಸಹಿತ 195 ಕೆ.ಜಿ.) ಮತ್ತು ಹೆಲ್ಮೆಟ್, ಬೂಟು, ಜಾಕೆಟ್ ಸಮೇತ ನಿಮ್ಮಿಬ್ಬರ ತೂಕವನ್ನು ಕಳೆಯಿರಿ. ಉಳಿದದ್ದೇ ನಿಮ್ಮ ಸಾಮಾನಿನ ಮಿತಿ. ಅದಕ್ಕಿಂತ ಹೆಚ್ಚಾಗಿದ್ದರೆ ಎಷ್ಟು ಬಿಗಿಯಾಗಿ ಕಟ್ಟಿದರೂ ಪ್ರಯೋಜನವಿಲ್ಲ. ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ಎರಡನೆಯದಾಗಿ, ಎಲ್ಲವನ್ನೂ ಹಿಂದಿನ ಬಾಕ್ಸಿಗೆ ತುಂಬಬೇಡಿ. ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಇಟ್ಟ ಭಾರ ಸನ್ನೆಗೋಲಿನ ಹಾಗೆ ಮುಂದಿನ ಚಕ್ರವನ್ನು ಎತ್ತಲು ನೋಡುತ್ತದೆ. ನಿಮ್ಮ ಗಾಡಿಯ ಎರಡು ಚಕ್ರಗಳ ಅಚ್ಚುಗಳ ನಡುವಿನ ಅಂತರ 1390 ಮಿ.ಮೀ. ಅಚ್ಚಿಗಿಂತ 40 ಸೆಂ.ಮೀ. ಹಿಂದೆ 15 ಕೆ.ಜಿ. ಇಟ್ಟರೆ ಮುಂದಿನ ಚಕ್ರದ ಮೇಲಿನ ಭಾರದಲ್ಲಿ ಸುಮಾರು 4.3 ಕೆ.ಜಿ. ಇಳಿಯುತ್ತದೆ ಮತ್ತು ಹಿಂದಿನ ಚಕ್ರದ ಮೇಲೆ 19.3 ಕೆ.ಜಿ. ಏರುತ್ತದೆ. ಒದ್ದೆ ರಸ್ತೆಯಲ್ಲಿ ದಿಕ್ಕು ಹಿಡಿದಿಡುವುದೂ, ಬ್ರೇಕಿನ ಬಹುಪಾಲು ಕೆಲಸ ಮಾಡುವುದೂ ಮುಂದಿನ ಚಕ್ರವೇ ಆದ್ದರಿಂದ, ಅದನ್ನು ಹಗುರ ಮಾಡುವುದು ಘಾಟಿ ಇಳಿಯುವವರಿಗೆ ಯಾವ ರೀತಿಯಲ್ಲೂ ಹಿತವಲ್ಲ. ಜೊತೆಗೆ, ಬಾಕ್ಸ್ ಎತ್ತರದಲ್ಲಿ ಕೂರುವುದರಿಂದ ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ನಿಧಾನಕ್ಕೆ ಗಾಡಿ ವಾಲಿಸುವಾಗ ಅದು ಪ್ರತಿ ಸಲವೂ ಹೊರಕ್ಕೆ ಎಳೆದಂತೆ ಭಾಸವಾಗುತ್ತದೆ. ಬಾಕ್ಸ್ ಬೇಡವೆಂದಲ್ಲ. ಅದರ ತಳದಲ್ಲೋ ಮುಚ್ಚಳದ ಒಳಗೋ ಅಚ್ಚಾಗಿರುವ ತೂಕದ ಮಿತಿಯೊಳಗೆ, ಮಳೆಯಂಗಿಯಂಥ ಹಗುರ ಸಾಮಾನಿಗೆ ಅದು ಅನುಕೂಲ.

ಭಾರವಾದದ್ದು ತಗ್ಗಿನಲ್ಲಿ, ಸವಾರರಿಗೆ ಹತ್ತಿರವಾಗಿ ಇರಬೇಕು. ಹಾಗಾಗಿ ಸ್ಪ್ಯಾನರು, ನೀರು, ಬಟ್ಟೆಗಳನ್ನು ಎರಡು ಪಕ್ಕದ ಸ್ಯಾಡಲ್ ಬ್ಯಾಗುಗಳಿಗೂ, ಕ್ಯಾಮೆರಾವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುವ ಟ್ಯಾಂಕ್ ಬ್ಯಾಗಿಗೂ ಹಂಚಿ. ಎಡ, ಬಲ ಚೀಲಗಳನ್ನು ಒಂದು ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿ ಸರಿದೂಗಿಸಿಕೊಳ್ಳಿ. ಟ್ಯಾಂಕ್ ಬ್ಯಾಗ್ ಕಟ್ಟಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಅದು ಎಲ್ಲೂ ತಡೆಯುವುದಿಲ್ಲ, ಹಾರನ್ ಸ್ವಿಚ್ಚನ್ನು ಒತ್ತುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಇನ್ನು ಬಂಗೀ ಹಗ್ಗದ ಮಾತು. ಜೋರಾಗಿ ಬ್ರೇಕ್ ಹಿಡಿದಾಗ ಸಾಮಾನಿನ ಮೇಲೆ ಮುಂದಕ್ಕೆ ಬೀಳುವ ಬಲ, ಒಣ ರಸ್ತೆಯಲ್ಲಿ, ಅದರ ತೂಕಕ್ಕೆ ಹತ್ತಿರದಷ್ಟೇ ಇರಬಹುದು. ಎಳೆದರೆ ಹಿಗ್ಗುವ ಹಗ್ಗ ಆ ಬಲಕ್ಕೆ ಹಿಗ್ಗಿಯೇ ಹಿಗ್ಗುತ್ತದೆ, ಗುಂಡಿಗೆ ಇಳಿದು ಎದ್ದಾಗ ಇನ್ನೊಂದು ದಿಕ್ಕಿಗೆ ಹಿಗ್ಗುತ್ತದೆ. ಹೀಗೆ ಹಿಗ್ಗುವಾಗ ಯಾವುದೋ ಒಂದು ಕ್ಷಣ ಕೊಕ್ಕೆ ಕಳಚಿಕೊಳ್ಳುತ್ತದೆ. ಕಳಚಿದ ಕೊಕ್ಕೆ ಹಿಂದಿನ ಚಕ್ರದ ಕಡ್ಡಿಗೋ ಚೈನಿಗೋ ಸಿಕ್ಕಿಕೊಂಡರೆ ಚಕ್ರ ನಿಂತುಬಿಡುವ ಅಪಾಯವಿದೆ. ಕಟ್ಟುವಾಗ, ಬಿಚ್ಚುವಾಗ ಕೈತಪ್ಪಿ ಚಿಮ್ಮಿದ ಕೊಕ್ಕೆ ಕಣ್ಣಿಗೇ ಬಡಿಯಬಹುದು. ಆದ್ದರಿಂದ ಭಾರ ಹಿಡಿಯುವ ಕೆಲಸವನ್ನು ಹಿಗ್ಗದ ಪಾಲಿಯೆಸ್ಟರ್ ಪಟ್ಟಿಗಳಿಗೆ, ಅಂದರೆ ಬಕಲ್ ಒತ್ತಿ ಎಳೆದು ಬಿಗಿಯುವಂಥ ಪಟ್ಟಿಗಳಿಗೆ ಕೊಡಿ. ಹಿಂದಿನ ಚೀಲವನ್ನು ಕನಿಷ್ಠ ನಾಲ್ಕು ಕಡೆ ಲೋಹದ ಚೌಕಟ್ಟಿಗೆ ಬಿಗಿಯಿರಿ: ಎರಡು ಪಟ್ಟಿಗಳು ಮುಂದಕ್ಕೆ, ಎರಡು ಹಿಂದಕ್ಕೆ ಎಳೆಯುವಂತಿರಲಿ. ಇಂಡಿಕೇಟರು, ಮಡ್‌ಗಾರ್ಡ್, ನಂಬರ್ ಪ್ಲೇಟ್ ಇವಾವುದಕ್ಕೂ ಕಟ್ಟಬೇಡಿ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗಂತೂ ಕಟ್ಟಲೇಬೇಡಿ. ಗಾಡಿ ಕುಪ್ಪಳಿಸಿದಂತೆಲ್ಲ ಅದು ಮೇಲೆ ಕೆಳಗೆ ಆಡುವುದರಿಂದ ಪಟ್ಟಿ ಕ್ಷಣಕ್ಕೊಮ್ಮೆ ಸಡಿಲವಾಗಿ ಬಿಗಿಯಾಗುತ್ತದೆ. ಉಳಿದ ಪಟ್ಟಿಯ ತುದಿಗಳನ್ನು ಸುತ್ತಿ ಒಳಗೆ ಸಿಕ್ಕಿಸುವುದನ್ನು ಮರೆಯಬಾರದು. ಬಲಬದಿಯ ಚೀಲ ಸೈಲೆನ್ಸರಿಗೆ ತಗುಲದಂತೆ ಸ್ಯಾಡಲ್ ಸ್ಟೇ, ಅಂದರೆ ಪಕ್ಕದ ಚೀಲವನ್ನು ದೂರ ಹಿಡಿದಿಡುವ ಲೋಹದ ಚೌಕಟ್ಟು, ಹಾಕಿಸಿ.

ಸಂತೆಯ ವ್ಯಾಪಾರಿ

ಮೇಲಿನವರ ಮಾತನ್ನು ಗೌರವದಿಂದಲೇ ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನಾನು ಹಾವೇರಿ ಕಡೆಯ ವಾರದ ಸಂತೆಗಳಿಗೆ ಟಿವಿಎಸ್ ಎಕ್ಸೆಲ್ ಮೇಲೆ ಬಟ್ಟೆಯ ಗಂಟುಗಳನ್ನು ಸಾಗಿಸುವವನು. ನಮ್ಮ ಕೆಲಸದಲ್ಲಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗೆ ಸಮನಾದ ವಸ್ತು ಇನ್ನೊಂದಿಲ್ಲ. ಅದಕ್ಕೆ ಕೊಕ್ಕೆಯಿಲ್ಲವಾದ್ದರಿಂದ ಕಳಚಿ ಚಿಮ್ಮುವ ಭಯವಿಲ್ಲ. ರಬ್ಬರ್ ಆದ್ದರಿಂದ ಗಂಟಿನ ಮೇಲೂ ಕ್ಯಾರಿಯರಿನ ಮೇಲೂ ಜಾರುವುದಿಲ್ಲ. ಅಗಲವಾಗಿರುವುದರಿಂದ ಚೀಲವನ್ನು ಕೊರೆಯುವುದಿಲ್ಲ. ಆದರೆ ಟ್ಯೂಬೊಂದೇ ಇಡೀ ಹೊರೆಯನ್ನು ಹಿಡಿಯಬೇಕೆಂದು ನಾವೂ ನಿರೀಕ್ಷಿಸುವುದಿಲ್ಲ. ಮೊದಲು ಹಗ್ಗದಿಂದ ಹೊರೆಯನ್ನು ಬಿಗಿದು, ಅದರ ಮೇಲೆ ಟ್ಯೂಬನ್ನು ಅಡ್ಡಲಾಗಿ ಎಳೆದು ಕಟ್ಟಿದರೆ, ದಾರಿಯಲ್ಲಿ ಬಟ್ಟೆ ಕುಸಿದು ಹಗ್ಗ ಸ್ವಲ್ಪ ಸಡಿಲವಾದರೂ ಟ್ಯೂಬು ಕುಗ್ಗಿ ಆ ಸಡಿಲವನ್ನು ನುಂಗಿಕೊಳ್ಳುತ್ತದೆ. ಬಿಸಿಲಿಗೆ ಬಿರುಕುಬಿಟ್ಟ ಟ್ಯೂಬನ್ನು ಮಾತ್ರ ಬಳಸಬಾರದು.

ಪಟ್ಟಿ ಸಿಗದಿದ್ದರೆ ಹಗ್ಗದಲ್ಲೂ ಅಷ್ಟೇ ಬಿಗಿ ತರಬಹುದು. ಹಗ್ಗದ ಒಂದು ತುದಿಯನ್ನು ಕ್ಯಾರಿಯರಿಗೆ ಕಟ್ಟಿ ಹೊರೆಯ ಮೇಲೆ ಹಾಯಿಸಿ, ನಡುವೆ ಒಂದು ಕುಣಿಕೆ ಮಾಡಿ, ಇನ್ನೊಂದು ತುದಿಯನ್ನು ಎದುರಿನ ಕಂಬಿಯ ಕೆಳಗಿನಿಂದ ತಂದು ಆ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಎಳೆಯಿರಿ. ಲಾರಿಯವರು ಟಾರ್ಪಾಲು ಬಿಗಿಯುವುದು ಹೀಗೆಯೇ. ನೇರವಾಗಿ ಎಳೆದದ್ದಕ್ಕಿಂತ ಬಹಳ ಹೆಚ್ಚು ಬಿಗಿ ಬರುತ್ತದೆ. ಕೊನೆಗೆ ಜೀರುಗುಣಿಕೆ (ತುದಿ ಎಳೆದರೆ ಬಿಚ್ಚುವ ಗಂಟು) ಹಾಕಿದರೆ ಒದ್ದೆಯಾದ ಹಗ್ಗವೂ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ನೈಲಾನ್ ಹಗ್ಗ ನೆನೆದಾಗ ಹಿಗ್ಗುತ್ತದೆ, ನುಣುಪಾದ ಪ್ಲಾಸ್ಟಿಕ್ ಹಗ್ಗದಲ್ಲಿ ಗಂಟು ಜಾರುತ್ತದೆ ಎಂಬುದು ಗಮನದಲ್ಲಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಕಟ್ಟಿದ ಕೂಡಲೇ ದೂರ ಹೋಗಬಾರದು. ಊರು ದಾಟಿ ಐದಾರು ಕಿಲೋಮೀಟರ್ ಆದಮೇಲೆ ಗಾಡಿ ನಿಲ್ಲಿಸಿ, ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿ ನೋಡಬೇಕು. ಹೊರೆ ಅಲುಗಿದರೆ ಗಾಡಿಯೂ ಜೊತೆಗೆ ಅಲುಗಬೇಕು. ಹೊರೆ ಮಾತ್ರ ಅಲುಗಿದರೆ ಬಿಚ್ಚಿ ಮತ್ತೆ ಕಟ್ಟಬೇಕು.

ಬೆಣ್ಣೆನಗರಿ ಸವಾರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಸ್ಯಾಡಲ್ ಸ್ಟೇಯನ್ನು ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವರು ಚಾಸಿಗೇ ಬೆಸೆದು ಕೊಡುವುದಾಗಿ ಹೇಳುತ್ತಿದ್ದಾರೆ, ಅದು ಸರಿಯೇ? ಹಾಗೆಯೇ, ಲ್ಯಾಪ್‌ಟಾಪ್ ಇರುವ ಚೀಲವನ್ನು ನಾನು ಬೆನ್ನಿಗೆ ಹಾಕಿಕೊಳ್ಳಲೇ ಅಥವಾ ನಮ್ಮಿಬ್ಬರ ನಡುವೆ ಇಟ್ಟುಕೊಳ್ಳಲೇ?

ಶಿವಮೊಗ್ಗ ಗ್ಯಾರೇಜ್

ಚಾಸಿಗೆ ಬೆಸುಗೆ ಬೇಡವೇ ಬೇಡ. ಬೆಸುಗೆಯ ಕಾವಿಗೆ ಆ ಜಾಗದ ಕೊಳವೆಯ ಗುಣ ಬದಲಾಗಿ, ಮುಂದೆ ಅಲ್ಲಿಯೇ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಮೇಲಾಗಿ ಈಗಿನ ಗಾಡಿಗಳಲ್ಲಿ ಪೆಟ್ರೋಲ್ ಇಂಜೆಕ್ಷನ್ನಿಗೂ, ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್‌ಗೂ ಎಲೆಕ್ಟ್ರಾನಿಕ್ ನಿಯಂತ್ರಣವಿರುತ್ತದೆ. ಬ್ಯಾಟರಿ ಬಿಡಿಸದೆ ಆರ್ಕ್ ವೆಲ್ಡಿಂಗ್ ಮಾಡಿದರೆ ಅದು ಕೆಡಬಹುದು. ನಿಮ್ಮ ಮಾದರಿಗೆಂದೇ ತಯಾರಾದ ಸ್ಟೇಗಳು ಸಿಗುತ್ತವೆ. ಅವು ಈಗಾಗಲೇ ಇರುವ ಬೋಲ್ಟ್ ಜಾಗಗಳಲ್ಲೇ ಕೂರುತ್ತವೆ. ಸಾಮಾನ್ಯ ನಟ್ಟಿನ ಬದಲು ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿರುವ, ಸುಲಭವಾಗಿ ಸಡಿಲವಾಗದ ನಟ್) ಹಾಕಿಸಿ, ಏಕೆಂದರೆ ಒಂದೇ ಸಿಲಿಂಡರಿನ ದೊಡ್ಡ ಎಂಜಿನ್ನಿನ ನಡುಕಕ್ಕೆ ಬೋಲ್ಟುಗಳು ಮೆಲ್ಲನೆ ಸಡಿಲಗೊಳ್ಳುತ್ತವೆ; ಪ್ರತಿದಿನ ಹೊರಡುವ ಮುನ್ನ ಅವನ್ನು ಸ್ಪ್ಯಾನರಿನಿಂದ ಮುಟ್ಟಿ ನೋಡುವ ಅಭ್ಯಾಸವಿರಲಿ.

ಎಡಗಡೆಯ ಸೀರೆ ಗಾರ್ಡನ್ನು ಅಂದಕ್ಕಾಗಿ ತೆಗೆಸಿದ್ದರೆ ಪ್ರಯಾಣಕ್ಕೆ ಮುಂಚೆ ವಾಪಸ್ ಹಾಕಿಸಿ. ಎಡಬದಿಯ ಚೀಲ ಚಕ್ರದೊಳಗೆ ಹೋಗದಂತೆ ತಡೆಯುವುದು ಅದೇ, ನಿಮ್ಮ ಪತ್ನಿಯವರ ದುಪಟ್ಟಾವನ್ನು ಚಕ್ರದಿಂದ ದೂರವಿಡುವುದೂ ಅದೇ. ಚೀಲ ಬಣ್ಣಕ್ಕೆ ತಗುಲುವ ಕಡೆ ಟ್ಯೂಬಿನ ತುಂಡೊಂದನ್ನು ಇಡಿ. ಮಳೆಯ ಕೆಸರಿನ ಸಣ್ಣ ಮರಳು ಅಲ್ಲಿ ಸೇರಿಕೊಂಡರೆ ಒಂದೇ ದಿನದಲ್ಲಿ ಬಣ್ಣ ಉಜ್ಜಿಹೋಗುತ್ತದೆ.

ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ಆರು ಮೆಟ್ಟಿಲುಗಳಲ್ಲಿ ಗಟ್ಟಿ ಮಾಡಬಹುದು. ಇಬ್ಬರು ಮತ್ತು ಸಾಮಾನು ಇರುವಾಗ ಮೇಲಿನ ಮೆಟ್ಟಿಲಿಗೆ ತನ್ನಿ, ಆದರೆ ಎಡಕ್ಕೂ ಬಲಕ್ಕೂ ಒಂದೇ ಮೆಟ್ಟಿಲು ಇರಲೇಬೇಕು. ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಇಬ್ಬರು ಕೂತಾಗ ಇರಬೇಕೆಂದು ಹೇಳಿದ ಅಳತೆಗೆ, ಬೆಳಿಗ್ಗೆ ಟೈರು ತಣ್ಣಗಿರುವಾಗ ತುಂಬಿಸಿ.

ಕರಾವಳಿ ಜೋಡಿ

ನಿಮ್ಮ ಎರಡನೆಯ ಸಂದೇಹಕ್ಕೆ ಉತ್ತರಿಸುತ್ತೇನೆ; ನಾನು ಬಹುಪಾಲು ಹಿಂದಿನ ಸೀಟಿನಲ್ಲಿಯೇ ಪ್ರಯಾಣ ಮಾಡಿದವಳು.

ಇಬ್ಬರ ನಡುವೆ ಚೀಲ ಇಡುವುದರಿಂದ ಓಡಿಸುವವರು ಮುಂದಕ್ಕೂ ಕೂತವರು ಸೀಟಿನ ಹಿಂತುದಿಗೂ ತಳ್ಳಲ್ಪಡುತ್ತಾರೆ, ಇಬ್ಬರಿಗೂ ಸೊಂಟ ಹಿಡಿಯುತ್ತದೆ. ತೊಡೆಯ ಮೇಲೆ ಚೀಲ ಹಿಡಿದುಕೊಳ್ಳಿ ಎಂದು ಹೆಂಡತಿಗೆ ಹೇಳುವುದಂತೂ ಸರಿಯಲ್ಲ. ಆಕೆಯ ಎರಡು ಕೈಗಳೂ ಹಿಡಿಕೆ ಹಿಡಿಯಲು ಬಿಡುವಾಗಿರಬೇಕು. ಬೆನ್ನಿನ ಚೀಲದಲ್ಲಿ ಲ್ಯಾಪ್‌ಟಾಪಿನಂಥ ಗಟ್ಟಿ ವಸ್ತು ಇದ್ದರೆ, ಬಿದ್ದಾಗ ಅದು ಬೆನ್ನುಮೂಳೆಗೇ ಒತ್ತುತ್ತದೆ. ಒಯ್ಯಲೇಬೇಕಾದರೆ ಸ್ಯಾಡಲ್ ಬ್ಯಾಗಿನೊಳಗೆ ಬಟ್ಟೆಗಳ ನಡುವೆ ನಿಲ್ಲಿಸಿ, ಸೈಲೆನ್ಸರ್ ಇಲ್ಲದ ಎಡಬದಿಯಲ್ಲಿ ಇಡಿ.

ಮಳೆಯ ವಿಚಾರದಲ್ಲಿ ಚೀಲದ ಮೇಲೆ ಹಾಕುವ ಹೊದಿಕೆಯನ್ನು ನಂಬಬೇಡಿ. ವೇಗಕ್ಕೆ ಗಾಳಿ ತುಂಬಿಕೊಂಡು ಉಬ್ಬುತ್ತದೆ, ಕಿತ್ತುಕೊಂಡರೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಒಳಗಿನಿಂದಲೇ ನೀರು ತಡೆಯಿರಿ: ಬಟ್ಟೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯನ್ನು ಮೂರು ಸುತ್ತು ಮಡಚಿ ಕಟ್ಟಿ, ಆಮೇಲೆ ಸ್ಯಾಡಲ್ ಬ್ಯಾಗಿನಲ್ಲಿಡಿ. ಮಳೆಯಂಗಿ ಮಾತ್ರ ಎಲ್ಲಕ್ಕಿಂತ ಮೇಲೆ, ಒಂದೂ ಪಟ್ಟಿ ಬಿಚ್ಚದೆ ಕೈಗೆ ಸಿಗುವಂತಿರಲಿ, ಏಕೆಂದರೆ ತೀರ್ಥಹಳ್ಳಿ ದಾಟಿದ ಮೇಲೆ ಮಳೆ ಹೇಳಿ ಬರುವುದಿಲ್ಲ.

ಕಾನೂನಿನ ವಿಷಯವೂ ತಿಳಿದಿರಲಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ ಬೈಕಿನ ಮೇಲಿನ ಪೆಟ್ಟಿಗೆ 550 ಮಿ.ಮೀ. ಉದ್ದ, 510 ಮಿ.ಮೀ. ಅಗಲ, 500 ಮಿ.ಮೀ. ಎತ್ತರ ಮೀರುವಂತಿಲ್ಲ. ಹಿಂಬದಿ ಸವಾರರು ಕೂರುವ ಜಾಗದಲ್ಲೇ ಪೆಟ್ಟಿಗೆ ಇಟ್ಟರೆ ಓಡಿಸುವವರೊಬ್ಬರೇ ಹೋಗಬೇಕು. ಅದರ ಹಿಂದೆ ಇಟ್ಟರೆ ಇಬ್ಬರು ಕೂರಬಹುದು. ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕೆಂಬುದೂ ಅದೇ 123ನೆಯ ನಿಯಮದಲ್ಲಿದೆ, ಆದ್ದರಿಂದ ಸೀರೆ ಗಾರ್ಡಿನ ಬಗ್ಗೆ ಗ್ಯಾರೇಜಿನವರು ಹೇಳಿದ್ದನ್ನು ತಪ್ಪದೆ ಪಾಲಿಸಿ.

ಹೊರಡುವ ಹಿಂದಿನ ದಿನವೇ ಎಲ್ಲ ಸಾಮಾನನ್ನೂ ಕಟ್ಟಿ, ನಿಮ್ಮ ಪತ್ನಿಯವರನ್ನು ಹತ್ತಿ ಇಳಿಯಲು ಹೇಳಿ. ಹಿಂದಿನ ಚೀಲ ಎತ್ತರವಾಗಿದ್ದರೆ ಕಾಲು ದಾಟಿಸುವುದು ಕಷ್ಟವಾಗುತ್ತದೆ ಎಂಬುದು ಓಡಿಸುವವರಿಗೆ ತಿಳಿಯುವುದೇ ಇಲ್ಲ. ಕತ್ತಲಾದ ಮೇಲೆ ಇಬ್ಬರೂ ಕೂತು, ಗೋಡೆಯೆದುರು ಹೆಡ್‌ಲೈಟ್ ಹಾಕಿ ನೋಡಿ. ಹಿಂಭಾಗ ತಗ್ಗಿದಷ್ಟೂ ಬೆಳಕು ಮೇಲಕ್ಕೇರಿ ಎದುರಿನವರ ಕಣ್ಣು ಕುಕ್ಕುತ್ತದೆ. ಅದನ್ನು ಸ್ವಲ್ಪ ಕೆಳಕ್ಕೆ ಬಾಗಿಸಿಕೊಳ್ಳಿ. ಬ್ರೇಕ್ ದೀಪ, ಇಂಡಿಕೇಟರು ಮತ್ತು ನಂಬರ್ ಪ್ಲೇಟ್ ಚೀಲದ ಹಿಂದೆ ಮರೆಯಾಗಿಲ್ಲವೇ ಎಂದು ಹತ್ತು ಹೆಜ್ಜೆ ಹಿಂದೆ ನಿಂತು ಅವರಿಂದಲೇ ನೋಡಿಸಿ.