ಕಾರ್ಬನ್ ಸಿಂಕ್: ತೊಟ್ಟಿಯೋ, ಕಣಜವೋ, ಹೀರುನೆಲೆಯೋ?

ಗೆಳೆಯರೇ,

ಮಣ್ಣು ಮತ್ತು ಹವಾಮಾನದ ನಂಟಿನ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ಕೈ ನಿಂತುಬಿಟ್ಟಿದೆ.

ಮೊದಲನೆಯದು ‘ಕಾರ್ಬನ್ ಸಿಂಕ್’, ಅಂದರೆ ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವ ಕಾಡು, ಮಣ್ಣು, ಕಡಲಿನಂಥ ತಾಣ. ‘ಇಂಗಾಲದ ತೊಟ್ಟಿ’ ಎಂದು ಬರೆದಿದ್ದೆ. ಕರಡು ಓದಿದ ಮಗಳು, “ತೊಟ್ಟಿ ಅಂದ್ರೆ ತುಂಬಿಟ್ಟಿದ್ದು ಅಲ್ಲೇ ಇರುತ್ತೆ, ಅಲ್ವಾ?” ಎಂದಳು. ಪದ ಅಲ್ಲಿಗೆ ಕೈಕೊಟ್ಟಿತು. ಮಣ್ಣಿನಲ್ಲಿ ಇಂಗಾಲ ಸುಮ್ನೆ ಕೂತಿರುವುದಿಲ್ಲ. ಉದುರಿದ ಎಲೆ, ಸತ್ತ ಬೇರು ಮಣ್ಣಿಗೆ ಸೇರುತ್ತವೆ. ಸೂಕ್ಷ್ಮಜೀವಿಗಳು ಅವನ್ನು ತಿಂದು ಉಸಿರು ಬಿಡುತ್ತವೆ. ಬಹುಪಾಲು ಇಂಗಾಲ ಡೈಆಕ್ಸೈಡ್ ಆಗಿ ಗಾಳಿಗೆ ಮರಳುತ್ತದೆ. ಉಳಿದದ್ದರಲ್ಲಿ ಸ್ವಲ್ಪ ಜೇಡಿಯ ಕಣಗಳಿಗೆ ಅಂಟಿಕೊಂಡು ಬಹುಕಾಲ ಬಾಳುತ್ತದೆ. ಮರದಡಿಯ ತರಗೆಲೆ ಸರಿಸಿ ಮಣ್ಣು ಮುಟ್ಟಿದರೆ ಬೆರಳಿಗೆ ಹತ್ತುವ ಕಪ್ಪು ಈ ಕೊಳೆತು ಉಳಿದದ್ದೇ. ಒಳಗೆ ಸೇರುವುದು ಹೊರಗೆ ಹೋಗುವುದಕ್ಕಿಂತ ಜಾಸ್ತಿ ಇರುವಷ್ಟು ಕಾಲ ಮಾತ್ರ ಆ ನೆಲ ‘ಸಿಂಕ್’.

ಎಷ್ಟು ಕೂಡಿಟ್ಟಿದೆ ಎನ್ನುವುದು ಬೇರೆಯೇ ಮಾತು. ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲವಿದೆ. ಗಾಳಿಯಲ್ಲಿರುವುದು ಸುಮಾರು 900. ಇದಕ್ಕೆ ‘ಕಣಜ’ ಎಂಬ ಪದ ಚೆನ್ನಾಗಿ ಒಪ್ಪುತ್ತದೆ. ಆದರೆ ಕಣಜವನ್ನೇ ಸಿಂಕ್ ಎಂದರೆ ಅರ್ಥ ತಿರುಗಿಹೋಗುತ್ತದೆ. ಅರೆಕೊಳೆತ ಗಿಡಗಳು ಪದರಪದರವಾಗಿ ಕೂಡಿಕೊಂಡ, ನೀರು ನಿಂತ ನೆಲವಾದ ಪೀಟ್ ಜೌಗನ್ನೇ ನೋಡಿ. ಭೂಮಿಯ ನೆಲದಲ್ಲಿ ಅದರ ಪಾಲು ಸುಮಾರು ಶೇ. 3 ಅಷ್ಟೇ, ಆದರೂ ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲ ಅದರೊಳಗಿದೆ. ಕಾಲುವೆ ತೋಡಿ ನೀರು ಬಸಿದರೆ ಒಳಗೆ ಗಾಳಿ ಹೊಕ್ಕು, ಸಾವಿರಾರು ವರ್ಷ ಕೊಳೆಯದೆ ಉಳಿದದ್ದು ಕೊಳೆಯತೊಡಗುತ್ತದೆ. ಕಣಜ ಇನ್ನೂ ದೊಡ್ಡದೇ, ಆದರೆ ಅದೀಗ ಸೋರುತ್ತಿದೆ.

‘ಇಂಗುನೆಲ’ ಎನ್ನಲೂ ಮನಸ್ಸಾಗಿತ್ತು. ಕಿವಿಗೆ ಇಂಪು. ಆದರೆ ‘ಇಂಗಾಲ’ ಬಂದಿರುವುದು ‘ಅಂಗಾರ’ದಿಂದ, ಕೆಂಡ ಇದ್ದಿಲಿನ ಕಡೆಯಿಂದ. ‘ಇಂಗು’ವುದಕ್ಕೂ ಅದಕ್ಕೂ ಸಂಬಂಧವಿಲ್ಲ, ಮಕ್ಕಳು ಇದೆ ಎಂದುಕೊಂಡಾರು. ಮೇಲಾಗಿ ನೀರು ತಾನೇ ಇಂಗುತ್ತದೆ, ಇಂಗಾಲವನ್ನು ಗಿಡ ಎಳೆದು ತರಬೇಕು.

ಹಾಗಾಗಿ ‘ಹೀರುನೆಲೆ’ ಎಂದು ಯೋಚಿಸಿದ್ದೇನೆ. ‘ನೆಲ’ ಅಲ್ಲ, ‘ನೆಲೆ’. ಕಡಲೂ ಹೀರುತ್ತದಲ್ಲ. ಇದರ ಎದುರು ಪದ ‘ಹೊಮ್ಮುನೆಲೆ’, ಅಂದರೆ ಅನಿಲವನ್ನು ಹೊರಬಿಡುವ ತಾಣ. ಈ ಜೋಡಿಯಲ್ಲಿ ಇನ್ನೊಂದು ಅನುಕೂಲವಿದೆ. ನೀರು ನಿಂತ ಜೌಗು ಇಂಗಾಲವನ್ನು ಕೂಡಿಡುತ್ತಲೇ ಭೂಮಿಯನ್ನು ಬಿಸಿಯೇರಿಸುವ ಮೀಥೇನ್ ಅನಿಲವನ್ನು ಬಿಡುತ್ತದೆ. ಗಾಳಿಯಾಡುವ ಕಾಡಿನ ಮಣ್ಣಿನ ಬ್ಯಾಕ್ಟೀರಿಯಾಗಳು ಅದೇ ಮೀಥೇನನ್ನು ತಿನ್ನುತ್ತವೆ. ಸಾರಜನಕದ ಗೊಬ್ಬರ ಅತಿಯಾದ ಹೊಲ ಬಿಸಿಯೇರಿಸುವ ಇನ್ನೊಂದು ಅನಿಲವಾದ ನೈಟ್ರಸ್ ಆಕ್ಸೈಡ್ ಬಿಡುತ್ತದೆ. 100 ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ ಬಿಸಿಯೇರಿಸುವುದರಲ್ಲಿ 273 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಯಾವ ಅನಿಲದ ಹೀರುನೆಲೆ, ಯಾವುದರ ಹೊಮ್ಮುನೆಲೆ ಎಂದು ಬಿಡಿಸಿ ಹೇಳಲು ಈ ಜೋಡಿ ನೆರವಾಗುತ್ತದೆ.

ಎರಡನೆಯದು ‘ಲ್ಯಾಂಡ್ ಕವರ್’. ‘ನೆಲಹೊದಿಕೆ’ ಎಂದರೆ ಬೇಸಾಯ ಮಾಡುವವರಿಗೆ ಮಣ್ಣಿನ ಮೇಲೆ ಹರಡುವ ಹುಲ್ಲು, ತರಗು ನೆನಪಾಗುತ್ತದೆ. ಇಲ್ಲಿ ಬೇಕಾದ ಅರ್ಥ ಕಾಡು, ಹುಲ್ಲು, ಹಿಮ, ಕಾಂಕ್ರೀಟು ಹೀಗೆ ನೆಲದ ಮೇಲೆ ಕಾಣುವುದೆಲ್ಲ. ಹೊಸ ಹಿಮ ಬಿದ್ದ ಬಯಲು ಬಿಸಿಲಿನ ಶೇ. 80ಕ್ಕಿಂತ ಹೆಚ್ಚು ಭಾಗವನ್ನು ಮರಳಿಸಿದರೆ, ದಟ್ಟ ಕಾಡು ಹೆಚ್ಚಿನದನ್ನು ಹೀರಿಕೊಳ್ಳುತ್ತದೆ. ಇದನ್ನು ‘ಭೂಬಳಕೆ’ ಎನ್ನುವಂತಿಲ್ಲ. ಒಂದೇ ಹುಲ್ಲು ಒಂದು ಕಡೆ ಹಸುಗಳ ಮೇವು, ಇನ್ನೊಂದು ಕಡೆ ಆಟದ ಮೈದಾನ. ಬಳಕೆ ಬೇರೆ, ಹೊದಿಕೆ ಒಂದೇ.

‘ನೆಲದ ಮೇಲ್ಮೈ’ ಎಂದರೆ ತೀರಾ ಸಪ್ಪೆ. ‘ನೆಲದ ಹೊದಿಕೆ’ ಎಂದು ಬಿಡಿಸಿ ಬರೆದರೆ ಗೊಂದಲ ತಪ್ಪೀತೇ? ಹೊಲದಲ್ಲಿ ದುಡಿಯುವವರು ಯಾರಾದರೂ ಓದಿ ಹೇಳಿದರೆ ದೊಡ್ಡ ಉಪಕಾರ.